ಹದಿನಾಲ್ಕನೇ ಮಹಡಿಯ ಕಾವಲು

ಪರೇಲಿನ ಬಸ್ ಸಾಲಿನಲ್ಲಿ ಮುಂದಿದ್ದ ಮುದುಕಿ ಪಕ್ಕದವಳಿಗೆ ಹೇಳುತ್ತಿದ್ದುದಕ್ಕೆ ಇಂದುಮತಿ ಕಿವಿಗೊಟ್ಟಳು.

"ಚಾಳಿನ ವಠಾರದಲ್ಲಿ ಬಾಗಿಲು ತೆರೆದಿಟ್ಟೇ ಬಾಳಿದ್ವಿ, ಒಂದು ಚಮಚವೂ ಕಳುವಾಗ್ಲಿಲ್ಲ. ಅದನ್ನ ಕೆಡವಿ ಟವರ್ ಕಟ್ಟಿದ್ಮೇಲೆ ಮೊದಲ ತಿಂಗಳಿಗೇ ಟಿವಿ ಹೋಯ್ತು."

"ಕ್ಯಾಮೆರಾ ಇತ್ತಲ್ಲ, ಮೌಶಿ?"

"ಇತ್ತಲ್ಲೇ! ಕಳ್ಳ ಟಿವಿ ಹೊತ್ಕೊಂಡು ಬಂದಿದ್ದು, ಎದುರುಮನೆಯವಳು ಅವನಿಗೆ ಲಿಫ್ಟಿನ ಬಾಗಿಲು ಹಿಡಿದಿದ್ದು, ಎಲ್ಲ ಚೆನ್ನಾಗಿ ಕಾಣುತ್ತೆ."

"ಅಯ್ಯೋ! ಯಾರ ಮನೆಯವನು ಅಂತ ಕೇಳ್ಲಿಲ್ವಾ?"

"ನನ್ನ ಮಗ ಅಂದ್ಕೊಂಡಳಂತೆ. ಈಗ ದಿನಾ ನಮ್ಮ ಹದಿನಾಲ್ಕನೇ ಮಹಡಿಯ ಲಿಫ್ಟಿನೆದುರು ಚಾಪೆ ಹಾಸಿ ಮೆಂತ್ಯಸೊಪ್ಪು ಬಿಡಿಸ್ತೀನಿ."

"ವಾಚ್‌ಮನ್ ಬಿಡ್ತಾನಾ?"

"ಬೇಡ ಅಂದ. ಅವನ ಕೈಗೂ ಬಿಡಿಸೋಕೆ ಒಂದು ಕಟ್ಟು ಕೊಟ್ಟೆ. ನಿನ್ನೆಯಿಂದ ಎದುರುಮನೆಯವಳೂ ಬಟಾಣಿ ಸುಲಿಯೋಕೆ ಬಂದು ಕೂತಿದ್ದಾಳೆ. ಇನ್ನು ಯಾವ ಹೊಸಬನೇ ಬರ್ಲಿ, ಕೇಳದೆ ಬಿಡಲ್ಲ."

ಬಸ್ ಬಂತು. ಮೆಟ್ಟಿಲೇರಿದ ಮುದುಕಿ ತಟ್ಟನೆ ಇಂದುಮತಿಯತ್ತ ತಿರುಗಿದಳು.

"ಇಷ್ಟೊತ್ತೂ ಕೇಳಿಸ್ಕೊಂಡ್ಯಲ್ಲ, ನೀನ್ಯಾರ ಮನೆಯವಳೇ?"