ಈಜು ಬಲ್ಲವಳು ಮುಳುಗಿದ ಕಥೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ಗ್ರಂಥಾಲಯದ ಓದುಗ ಬಳಗದ ಗೆಳೆಯರೇ, ಊಟಕ್ಕೆ ತಡವಾದರೂ ಎದ್ದು ಹೋಗದ ಸಹೃದಯ ಸಭಿಕರೇ,

ನನ್ನ ಕಾದಂಬರಿಯನ್ನು ವರ್ಷದ ಪುಸ್ತಕವಾಗಿ ಆರಿಸಿದ್ದೀರಿ. ಇಬ್ಬರು ಹೆಂಗಸರ ಪ್ರೀತಿಯ ಕಥೆಯನ್ನು ಇಷ್ಟು ಜನ ಮೆಚ್ಚಿದ್ದು ದೊಡ್ಡ ಮಾತು. ನಾಯಕಿ ಬೆಳಗಿನ ಮಂಜಿನಲ್ಲಿ ಹೊಳೆಗಿಳಿದು ಮರಳಿ ಬಾರದ ಆ ಕೊನೆಯ ಪುಟವನ್ನು ಓದಿ ಕಣ್ಣು ತುಂಬಿ ಬಂತೆಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ಬರೆಯುವಾಗ ನನಗೂ ತುಂಬಿ ಬಂದಿತ್ತು. ಆದರೆ ಅವಳು ಬದುಕಿ, ಮರುದಿನ ಎದ್ದು ಹಲ್ಲುಜ್ಜಿ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಗೆಳತಿಯೊಡನೆ ಜಗಳವಾಡಿದ್ದರೆ? ನಮ್ಮ ಕಣ್ಣು ತುಂಬುತ್ತಿತ್ತೇ? ಅಥವಾ ಮೂಗು ಮುರಿಯುತ್ತಿದ್ದೆವೇ?

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಎರಡು ಭಾಷೆಯ ಕಥೆಗಳನ್ನು ಓದಿ ಬೆಳೆದೆ. ಎರಡರಲ್ಲೂ ಇಂಥವರು ಕಾಯಿಲೆ ಬಿದ್ದರು, ಹುಚ್ಚರಾದರು, ರೈಲು ಹತ್ತಿ ಹೋದರು. ಇಲ್ಲವೇ ನಗಿಸಲಿಕ್ಕೆ ಬಂದು ಹೋದರು. ಓದಿ ಓದಿ, ಇಂಥವರು ಕೊನೆಯ ಅಧ್ಯಾಯದವರೆಗೆ ನೆಮ್ಮದಿಯಾಗಿರುವುದು ನನಗೂ ಏನೋ ಅಸಭ್ಯವೆನ್ನಿಸತೊಡಗಿತು. ‘ಇಂಥವರು’ ಎಂದೆ, ನೋಡಿ. ಅಮ್ಮ ದನಿ ತಗ್ಗಿಸಿ ಆಡುತ್ತಿದ್ದ ಮಾತು ಅದು. ನಾನು ಮೈಕಿನಲ್ಲಿ ಆಡುತ್ತೇನೆ. ಅಷ್ಟೇ ಪ್ರಗತಿ.

ನನ್ನ ಆ ನಾಯಕಿಗೆ ನಿಜ ಬದುಕಿನಲ್ಲಿ ಮೂಲ ಒಬ್ಬಳಿದ್ದಾಳೆ. ಈಜುಕೊಳದಲ್ಲಿ ತರಬೇತಿ ಕೊಡುವವಳು. ನಾನು ನೀರಿಗೆ ಹೆದರುವವಳು. ದಂಡೆಯಲ್ಲಿ ಕೂತು, ಬರೆದದ್ದನ್ನು ಓದಿ ಹೇಳುತ್ತೇನೆ. ಮಕ್ಕಳು ಬರುವ ಮುಂಚಿನ ಆ ಹೊತ್ತಿನಲ್ಲಿ ನೀರಿನ ಬೆಳಕು ಛಾವಣಿಯ ತುಂಬ ಓಡಾಡುತ್ತಿರುತ್ತದೆ. ಅವಳು ಬೆನ್ನ ಮೇಲೆ ತೇಲುತ್ತ, ಕಣ್ಣು ಮುಚ್ಚಿ ಕೇಳುತ್ತಾಳೆ. ಕಿವಿ ಅರ್ಧ ನೀರಿನಲ್ಲಿದ್ದರೆ ಮಾತು ದೂರದ ಊರಿನಿಂದ ಬಂದಂತಿರುತ್ತದಂತೆ. ನೋಡುತ್ತ ನೋಡುತ್ತ ನನಗೆ ಛಾವಣಿಯೇ ಕೊಳವಾಗಿ, ಅವಳು ಅದರಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಕೊನೆಯ ಅಧ್ಯಾಯ ಓದಿದ ದಿನ ಮಾತ್ರ ಅವಳು ತಟ್ಟನೆ ಕಾಲೂರಿ ನಿಂತಳು.

“ಅಲ್ಲ ಕಣೇ, ಊರ ಮಕ್ಕಳಿಗೆಲ್ಲ ಈಜು ಕಲಿಸೋಳು ನಾನು. ನನ್ನನ್ನೇ ಮುಳುಗಿಸಿಬಿಟ್ಯಲ್ಲ!”

“ಅದು ಕಥೆ ಕಣೇ,” ಎಂದೆ.

“ಕಥೆನೇ ಇರ್ಲಿ. ಸೊಂಟದವರೆಗೆ ನೀರು ಅಂತ ನೀನೇ ಬರ್ದಿದ್ದೀಯ. ಎದ್ದು ನಿಂತ್ರೆ ಆಯ್ತಲ್ಲ?”

ನಕ್ಕಳು. ನಾನು ಮನೆಗೆ ಹೋಗಿ ಹೊಳೆಯನ್ನು ಇನ್ನಷ್ಟು ಆಳ ಮಾಡಿದೆ. ಸಭಿಕರೇ, ಅವಳನ್ನು ಉಳಿಸುವುದಕ್ಕಿಂತ ಹೊಳೆ ತೋಡುವುದು ನನಗೆ ಸುಲಭವಾಯಿತು.

ಈಗ ಬೇರೊಂದು ಊರಿನ ಈಜುಕೊಳದಿಂದ ಅವಳಿಗೆ ಕೆಲಸದ ಕರೆ ಬಂದಿದೆ. ನಾಳೆ ಉತ್ತರ ಕೊಡಬೇಕು. ಇವತ್ತು ಬೆಳಿಗ್ಗೆ ನನ್ನ ಕಾಲರ್ ಸರಿಮಾಡುತ್ತ ಕೇಳಿದಳು:

“ಬಂದೋರಿಗೆಲ್ಲ ನನ್ನನ್ನ ದೊಡ್ಡಮ್ಮನ ಮಗಳು ಅಂತೀಯ. ನಿಮ್ಮ ದೊಡ್ಡಮ್ಮನಿಗೆ ಮಕ್ಕಳೇ ಇಲ್ಲ, ಪಾಪ! ನಾನಿಲ್ಲಿ ಏನಾಗಿ ಇರ್ಲಿ? ಒಂದ್ಸಲ ನಾಲ್ಕು ಜನರ ಮುಂದೆ ಹೇಳಿಬಿಡು. ಇಲ್ಲಾಂದ್ರೆ ಹೊರಡ್ತೀನಿ.”

“ನೋಡೋಣ,” ಎಂದೆ. ಎಷ್ಟೋ ವರ್ಷಗಳಿಂದ ನೋಡುತ್ತಲೇ ಇದ್ದೇನೆ.

ಸಮಾಜದ ಪೂರ್ವಗ್ರಹದ ಬಗ್ಗೆ ಮಾತನಾಡಲು ಸಿದ್ಧವಾಗಿ ಬಂದಿದ್ದೆ. ಎಷ್ಟು ಅನುಕೂಲದ ವಿಷಯ! ಪೂರ್ವಗ್ರಹ ಇದೆ, ನಿಜ. ಆದರೆ ಆ ಹೊಳೆಯನ್ನು ಸಮಾಜ ಬಂದು ತೋಡಲಿಲ್ಲ.

ಅವಳು ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದಾಳೆ. ಅವಳು ನನ್ನ ದೊಡ್ಡಮ್ಮನ ಮಗಳಲ್ಲ. ನಾನು ಪ್ರೀತಿಸುವವಳು. ನನ್ನ ಜೊತೆ ಸಂಸಾರ ಮಾಡುತ್ತಿರುವವಳು.

ಹೇಳಿಬಿಟ್ಟೆ. ನನ್ನ ದನಿಯೇ ನನಗೆ ಬೇರೆ ಯಾರದೋ ಅನ್ನಿಸುತ್ತಿದೆ.

ಅವಳು ಎದ್ದು ನಿಂತಿದ್ದಾಳೆ. ಬಾಗಿಲ ಕಡೆಗೋ, ವೇದಿಕೆಯ ಕಡೆಗೋ, ಇಲ್ಲಿಂದ ತಿಳಿಯುತ್ತಿಲ್ಲ. ಕರೆದವರಿಗೆ, ಕೇಳಿಸಿಕೊಂಡವರಿಗೆ, ಕೇಳಲಾರದೆ ಫೋನ್ ನೋಡುತ್ತಿರುವವರಿಗೂ ಧನ್ಯವಾದಗಳು. ಆ ಸಾಲಿನವರು ದಯವಿಟ್ಟು ಸ್ವಲ್ಪ ಕಾಲು ಸರಿಸಿ, ಅವಳಿಗೆ ದಾರಿ ಬಿಡಿ.

ನಮಸ್ಕಾರ.