ಚೌಕಟ್ಟಿನ ಮೇಲಿನ ಗೀಟುಗಳು

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜನ ಬಿಟ್ಟುಹೋದ ಗಣಿ ಊರು. ಹಳೇ ಮನೆಯೊಂದನ್ನು ನೋಡಿ ಬಂದ ಪ್ರವಾಸಿಗಳು ಚಹಾಕ್ಕೆ ಸಾಲುಗಟ್ಟಿದ್ದರು. ಸಾಲಿನಲ್ಲಿದ್ದ ಡೆಸ್ಮಂಡ್ ಎಂಬ ಪ್ರವಾಸಿಯ ಮುಂದೆ ವಯಸ್ಸಾದ ಅಕ್ಕತಂಗಿಯರಿಬ್ಬರು ನೊಣ ಓಡಿಸುತ್ತ ಪಿಸುಗುಡುತ್ತಿದ್ದರು.

“ಅಕ್ಕಾ, ಇದು ನಮ್ಮನೇನೇ ತಾನೆ?”

“ಮತ್ತೆ? ನೀನು ಹುಟ್ಟಿದ್ದೇ ಆ ಹಿಂದಿನ ಕೋಣೇಲಿ ಕಣೇ ನೋಲೀನ್.”

“ಹಂಗಾದ್ರೆ ಬಾಗಿಲ ಚೌಕಟ್ಟಿನ ಗೀಟು? ಯಾವನೋ ಒಂಟಿ ಗಣಿಯವನು ದಿನ ಎಣಿಸೋಕೆ ಗೀಚಿದ್ದು ಅಂದನಲ್ಲ ಗೈಡು.”

“ಅವನ ತಲೆ! ನಮ್ಮಿಬ್ಬರ ಎತ್ತರ ನೋಡಿ ಅಪ್ಪ ಚಾಕೂಲಿ ಗೀರಿದ್ದು.”

“ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ? ಬಸ್ಸಲ್ಲಿ ಇಷ್ಟು ದೂರ ಬಂದಿದ್ದು ಸುಮ್ನೆ ತಲೆಯಾಡ್ಸೋಕಾ?”

“ಎಷ್ಟು ಚೆಂದ ಹೇಳ್ತಿದ್ದ! ನಂಗೂ ಅಳು ಬಂತು.”

“ಅಪ್ಪನ್ನ ನೆನೆಸ್ಕೊಂಡಾ?”

“ಇಲ್ಲ ಕಣೇ, ಆ ಒಂಟಿ ಗಣಿಯವನ್ನ.”

ನೋಲೀನ್ ಅಕ್ಕನ ಮುಖವನ್ನೇ ನೋಡಿದಳು. “ನಂಗೆ ಗೀಟು ನೆನಪೇ ಇಲ್ಲ. ನೀನು ಹೇಳಿದ್ದಷ್ಟೇ ನೆನಪು. ಅವನ ಮಾತೇ ನಿಜ ಆಗಿದ್ರೆ?”

“ಈಗ ನಂಗೂ ಗೊತ್ತಾಗ್ತಿಲ್ಲ.”

ಬಸ್ಸಿನ ಹಾರನ್ ಕೂಗಿತು. ಹೋಗುವಾಗ ಅಕ್ಕ ತಂಗಿಯನ್ನು ಮತ್ತೆ ಆ ಮನೆಯ ಬಾಗಿಲಿಗೆ ಕರೆದೊಯ್ದು ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದಳು. ಕೆಳಗಿನ ಗೀಟು ಅವಳ ಸೊಂಟಕ್ಕೆ ಬಂತು.

“ಮುಟ್ಟಬೇಡೀಮ್ಮಾ!” ಗೈಡು ಕೂಗಿದ. “ಅದು ಪಾಪ, ಯಾರದೋ ನೆನಪು.”

“ಕ್ಷಮಿಸಪ್ಪಾ,” ಎಂದು ಇಬ್ಬರೂ ಬಸ್ಸು ಹತ್ತಿದರು.