ಡೆಲ್ಮರ್‌ನ ಜರ್ಸಿ

ನೆಬ್ರಾಸ್ಕದ ಆ ಹಳ್ಳಿಗಾಡಿನ ಕೌಂಟಿಗೆ ಇದ್ದದ್ದೊಂದೇ ಆಸ್ಪತ್ರೆ. ಸರದಿಗೆ ಕಾದು ಕಾದು ಸಾಕಾಗಿದ್ದ ವರ್ನಾಳ ಕಿವಿ ಎದುರು ಬೆಂಚಿನ ಮುದುಕರಿಬ್ಬರ ಕಡೆ ಹೊರಳಿತು. ಒಬ್ಬ ಕೌಂಟಿಯ ಮ್ಯೂಸಿಯಂ ನೋಡಿಕೊಳ್ಳುವ ವರ್ಜಿಲ್. ಇನ್ನೊಬ್ಬ, ಒಂದು ಕಾಲಕ್ಕೆ ಕಾಲೇಜು ಫುಟ್‌ಬಾಲ್ ತಂಡ ಸೇರಿ ಊರಿಗೆ ಹೆಸರು ತಂದ ಡೆಲ್ಮರ್.

“ಜರ್ಸಿ ಕೊಡೋ ಮಾರಾಯ. ಗಾಜಿನ ಪೆಟ್ಟಿಗೆ ಖಾಲಿ ಬಿದ್ದಿದೆ.”

“ಬೇಡ ಬಿಡು, ವರ್ಜಿಲ್.”

“ಒಗೀಬೇಡ ಮತ್ತೆ. ಮಣ್ಣಿನ ಕಲೆ ಇದ್ರೇನೇ ಜನ ನಿಂತು ನೋಡೋದು.”

“ಕಲೆ ಎಲ್ಲಿಂದ ಬರ್ಬೇಕು? ನಾಲ್ಕು ವರ್ಷವೂ ಬೆಂಚ್ ಕಾದೆ. ಒಂದಿನಾನೂ ಮೈದಾನಕ್ಕೆ ಇಳಿಸ್ಲಿಲ್ಲ.”

“ಸುಮ್ನಿರೋ! ಪ್ರತಿ ಶನಿವಾರ ನಿಮ್ಮಪ್ಪ ಬೀಜದಂಗಡಿ ಮುಚ್ಚಿ ನಿನ್ನಾಟ ನೋಡೋಕೆ ಹೋಗ್ತಿದ್ರು. ನೀನು ಓಡಿದ್ದು, ಬಿದ್ದಿದ್ದು ಎಲ್ಲಾ ಸೋಮವಾರ ಕ್ಷೌರದಂಗಡೀಲಿ ಹೇಳ್ತಿದ್ರು. ಊರಿಗೆ ಊರೇ ಕೇಳಿದೆ.”

“ಹ್ಞೂಂ. ಅಪ್ಪ ಹೇಳ್ತಿದ್ದ.”

ಒಳಗಿನಿಂದ ನರ್ಸ್ ಡೆಲ್ಮರ್‌ನ ಹೆಸರು ಕೂಗಿದಾಗ ವರ್ಜಿಲ್ ಅವನ ತೋಳು ಹಿಡಿದು ಎಬ್ಬಿಸಿದ.

“ಆಟಕ್ಕೆ ಹೋಗುವಾಗ ನಿಮ್ಮಪ್ಪ ಹಾಕ್ಕೋತಿದ್ದ ಟೋಪಿ ಇದೆಯೇನೋ?”

“ಇದೆ. ಬೆವರಿನ ಕಲೆ ಇನ್ನೂ ಹೋಗಿಲ್ಲ.”

ಇಬ್ಬರೂ ಕುಂಟುತ್ತ ಹೊರಟರು. ಬಾಗಿಲ ಬಳಿಯಿಂದ ವರ್ಜಿಲ್‌ನ ದನಿ ಮಾತ್ರ ಕೇಳಿಸಿತು:

“ಅದನ್ನ ಒಗೀಬೇಡ. ಹಾಗೇ ತಗೊಂಡು ಬಾ.”